ಸ್ವರ್ಗದ ಫೋಟೋ ಮತ್ತು ಮುತ್ತೊರೈ ಗುಡ್ಡದ ದೂರದರ್ಶಕ



ಕಳೆದ ಕ್ರಿಸ್ಮಸ್ ಹೊತ್ತಿಗೆ ನಮ್ಮ ಯುವಜನರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಕಪ್ಪು ಆಕಾಶದ ನಡುವೆ ಬೆಳ್ಳಗೆ ಹೊಳೆಯುವ ಒಂದು ಪಟ್ಟಣ. ನಾಸಾ ವಿಜ್ಞಾನಿಗಳು ಸ್ವರ್ಗದ ಫೋಟೋ ತೆಗೆದಿದ್ದಾರೆ, ಹತ್ತು ಜನರಿಗೆ ಕಳಿಸಿ ಎಂದು ಅದರ ಕೆಳಗೆ ಬರೆದಿತ್ತು. ನಾವು ಯೋಚನೆ ಮಾಡಲಿಲ್ಲ, ಕಳಿಸಿಬಿಟ್ಟೆವು. ಮುಂದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಒಬ್ಬ ಅಜ್ಜಿ ಮೊಮ್ಮಗನ ಫೋನು ಹಿಡಿದುಕೊಂಡು ಬಂದು ಕೇಳಿದರು: “ಏನ್ ಮಕ್ಕಳೇ, ಇದು ನಿಜವಾ? ನಮ್ಮ ಯಜಮಾನ್ರು ಈಗ ಇಲ್ಲೇ ಇದ್ದಾರಾ?”

ನಮ್ಮಲ್ಲಿ ಯಾರ ಬಾಯಿಂದಲೂ ಮಾತು ಹೊರಡಲಿಲ್ಲ. ಫೋಟೋ ನಿಜವೋ ಸುಳ್ಳೋ ಎಂದು ನಮಗೇ ಗೊತ್ತಿರಲಿಲ್ಲ. ಅಜ್ಜಿಯ ದುಃಖವನ್ನು ನಾವು ಆಟಕ್ಕೆ ತೆಗೆದುಕೊಂಡ ಹಾಗಾಯಿತಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯಿಂದಲೇ ನಾವು ಕುಳಿತು ಓದಲು ಶುರು ಮಾಡಿದೆವು. ಆಕಾಶದ ಫೋಟೋಗಳನ್ನು ಮೊದಲು ಯಾರು ತೆಗೆದರು, ಹೇಗೆ ತೆಗೆದರು, ಅವುಗಳ ಬಣ್ಣ ನಿಜವೇ ಎಂದೆಲ್ಲ ಹುಡುಕುತ್ತ ಹೋದಾಗ, ಆ ಚರಿತ್ರೆಯ ಒಂದು ಅಧ್ಯಾಯ ನಾವು ದಿನವೂ ಬಸ್ಸಿನಲ್ಲಿ ದಾಟುವ ದಾರಿಯಲ್ಲೇ ಇದೆ ಎಂದು ತಿಳಿಯಿತು. ಓದಿದ್ದನ್ನು ಇಲ್ಲಿ ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇವೆ.

ಫೋಟೋ ಬರುವ ಮೊದಲು

ಮೊದಲು ಆಕಾಶವನ್ನು ಕೈಯಿಂದಲೇ ಬರೆಯುತ್ತಿದ್ದರು. 1610ರಲ್ಲಿ ಗೆಲಿಲಿಯೋ ತನ್ನ ಚಿಕ್ಕ ದೂರದರ್ಶಕವನ್ನು ಕೃತ್ತಿಕೆಯ ಕಡೆಗೆ ತಿರುಗಿಸಿದಾಗ, ಬರಿಗಣ್ಣಿಗೆ ಆರೇಳು ಚುಕ್ಕಿಯಾಗಿ ಕಾಣುವ ಆ ಗೊಂಚಲಿನಲ್ಲಿ 36 ನಕ್ಷತ್ರಗಳನ್ನು ಕಂಡು ಬರೆದಿಟ್ಟರು. ಕ್ಷೀರಪಥ ಹಾಲಿನಂಥ ಮಂಜಲ್ಲ, ಲೆಕ್ಕವಿಲ್ಲದಷ್ಟು ನಕ್ಷತ್ರಗಳ ರಾಶಿ ಎಂದು ಜಗತ್ತಿಗೆ ಹೇಳಿದವರೂ ಅವರೇ.

ನಮ್ಮ ದಕ್ಷಿಣ ಭಾರತಕ್ಕೆ ದೂರದರ್ಶಕದ ಕೆಲಸ ಬೇಗನೆ ಬಂತು. ತಂದವರು ಒಬ್ಬ ಗುರುಗಳು. ಯೇಸುಸಭೆಯ ಫ್ರೆಂಚ್ ಗುರು ಜಾನ್ ರಿಶೋ 1689ರ ಡಿಸೆಂಬರಿನಲ್ಲಿ ಪಾಂಡಿಚೇರಿಯಿಂದ ಒಂದು ಧೂಮಕೇತುವನ್ನು ನೋಡುತ್ತಿದ್ದರು. ಹತ್ತಿರದಲ್ಲೇ ಇದ್ದ ಆಲ್ಫಾ ಸೆಂಟಾರಿ ಎಂಬ ಪ್ರಕಾಶಮಾನ ನಕ್ಷತ್ರ ದೂರದರ್ಶಕದಲ್ಲಿ ಒಂದಾಗಿ ಕಾಣಲಿಲ್ಲ, ಎರಡಾಗಿ ಕಂಡಿತು. ಅದು ಜೋಡಿ ನಕ್ಷತ್ರ ಎಂದು ಅವರು ಗುರುತಿಸಿದರು. ಏಪ್ರಿಲ್, ಮೇ ತಿಂಗಳ ರಾತ್ರಿ ದಕ್ಷಿಣ ದಿಕ್ಕಿನಲ್ಲಿ ಅದೇ ನಕ್ಷತ್ರ ನಮ್ಮ ಬೆಟ್ಟಗಳ ಮೇಲೆಯೂ ಕಾಣುತ್ತದೆ.

ಕೈಯಿಂದ ಬರೆಯುವುದರಲ್ಲಿ ಒಂದು ತೊಂದರೆಯಿತ್ತು. ಎಷ್ಟು ಹೊತ್ತು ದಿಟ್ಟಿಸಿ ನೋಡಿದರೂ ಕಣ್ಣಿಗೆ ಕಾಣುವುದು ಅಷ್ಟೇ. ಕಣ್ಣು ಬೆಳಕನ್ನು ಕೂಡಿಡುವುದಿಲ್ಲ. ಫೋಟೋ ತಟ್ಟೆ ಕೂಡಿಡುತ್ತದೆ. ಮಳೆ ಬರುವಾಗ ಅಂಗಳದಲ್ಲಿ ಇಟ್ಟ ಬಿಂದಿಗೆಯಂತೆ ಅದು. ಹನಿ ಚಿಕ್ಕದಾದರೂ ರಾತ್ರಿಯಿಡೀ ಇಟ್ಟರೆ ತುಂಬುತ್ತದೆ.

1840ರ ಸುಮಾರಿಗೆ ಚಂದ್ರನ ಫೋಟೋ ಬಂತು. 1850ರಲ್ಲಿ ಅಭಿಜಿತ್ ನಕ್ಷತ್ರದ ಫೋಟೋ ಬಂತು. 1880ರಲ್ಲಿ ಅಮೆರಿಕದ ಹೆನ್ರಿ ಡ್ರೇಪರ್ ಒರಾಯನ್ ನೀಹಾರಿಕೆಯ, ಅಂದರೆ ಮೃಗಶಿರೆಯ ಬೇಟೆಗಾರನ ಸೊಂಟದ ಕೆಳಗೆ ಮಬ್ಬಾಗಿ ಕಾಣುವ ಮೋಡದ ಫೋಟೋ ತೆಗೆದರು. 1888ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಐಸಾಕ್ ರಾಬರ್ಟ್ಸ್ ದೂರದರ್ಶಕವನ್ನು ಆಂಡ್ರೊಮಿಡಾದ ಮಬ್ಬು ಮಚ್ಚೆಯ ಕಡೆ ಗಂಟೆಗಟ್ಟಲೆ ಹಿಡಿದರು. ಗಾಜಿನ ತಟ್ಟೆಯನ್ನು ತೊಳೆದು ನೋಡಿದಾಗ ಆ ಮಚ್ಚೆಗೆ ಸುರುಳಿಯಾಕಾರ ಇರುವುದು ಕಂಡಿತು. ಆ ಕ್ಷಣದವರೆಗೆ ಯಾರ ಕಣ್ಣಿಗೂ ಅದು ಅಷ್ಟು ಸ್ಪಷ್ಟವಾಗಿ ಬಿದ್ದಿರಲಿಲ್ಲ.

ಗಾಜಿನ ತಟ್ಟೆಗಳನ್ನು ಓದಿದ ಸಿಸ್ಟರ್‌ಗಳು

1887ರಲ್ಲಿ ಪ್ಯಾರಿಸ್ಸಿನಲ್ಲಿ ಜಗತ್ತಿನ ಖಗೋಳ ವಿಜ್ಞಾನಿಗಳು ಸೇರಿ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದರು. ಇಡೀ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಫೋಟೋ ತೆಗೆದು, ಪ್ರತಿಯೊಂದು ನಕ್ಷತ್ರದ ಜಾಗವನ್ನೂ ಅಳೆದು ಬರೆಯುವುದು. ವ್ಯಾಟಿಕನ್ ವೀಕ್ಷಣಾಲಯಕ್ಕೂ ಒಂದು ಪಟ್ಟಿ ಬಂತು.

ಫೋಟೋ ತೆಗೆದ ಮೇಲೆ ಕಷ್ಟದ ಕೆಲಸ ಶುರುವಾಯಿತು. ಸೂಕ್ಷ್ಮದರ್ಶಕದಲ್ಲಿ ತಟ್ಟೆಯನ್ನು ನೋಡಿ ಒಂದೊಂದು ಚುಕ್ಕಿಯ ಜಾಗವನ್ನೂ ಓದಿ ಹೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಇದಕ್ಕೆ ಮುಂದೆ ಬಂದವರು ಮರಿಯ ಬಂಬಿನಾ ಸಭೆಯ ನಾಲ್ವರು ಸಿಸ್ಟರ್‌ಗಳು: ಎಮಿಲಿಯಾ ಪೊನ್ಜೋನಿ, ರೆಜಿನಾ ಕೊಲಂಬೊ, ಕೊಂಚೆಟ್ಟಾ ಫಿನಾರ್ಡಿ, ಲುಯಿಜಾ ಪಂಚೇರಿ. 1910ರಿಂದ 1921ರವರೆಗೆ ಅವರು ಅಳೆದ ನಕ್ಷತ್ರಗಳ ಸಂಖ್ಯೆ 4,81,215. ಬಹಳ ಕಾಲ ಅವರ ಹೆಸರು ಹೊರಗೆ ಯಾರಿಗೂ ತಿಳಿದಿರಲಿಲ್ಲ. ಅದೇ ಸಭೆಯ ಸಿಸ್ಟರ್‌ಗಳು ನಮ್ಮ ಮಂಗಳೂರಿನ ಕಡೆಯಲ್ಲಿಯೂ ಸೇವೆ ಸಲ್ಲಿಸುತ್ತ ಬಂದಿದ್ದಾರೆ.

ಇದೇ ಯೋಜನೆಯಲ್ಲಿ ಭಾರತಕ್ಕೂ ಪಾಲಿತ್ತು. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ ತನ್ನ ಪಾಲಿನ ಆಕಾಶದಲ್ಲಿ 7 ಲಕ್ಷಕ್ಕೂ ಹೆಚ್ಚು ನಕ್ಷತ್ರಗಳನ್ನು ಅಳೆದು ಪಟ್ಟಿ ಮಾಡಿತು. ಇಂದು ನಾವು ಬೆರಳಿನಿಂದ ಸರಿಸಿ ನೋಡುವ ಒಂದೊಂದು ಚಿತ್ರದ ಹಿಂದೆ ಇಂಥ ತಾಳ್ಮೆಯ ಕೆಲಸವಿದೆ.

ಮೂರು ಫೋಟೋಗಳನ್ನು ಓದೋಣ

ಮೊದಲನೆಯದು ಕೃತ್ತಿಕೆ. ಜನವರಿಯ ಸಂಜೆ ನೆತ್ತಿಯ ಹತ್ತಿರ ಚಿಕ್ಕ ಗೊಂಚಲಾಗಿ ಕಾಣುತ್ತದೆ. ಯೋಬನ ಗ್ರಂಥದಲ್ಲೂ ಇದರ ಹೆಸರಿದೆ. ಫೋಟೋದಲ್ಲಿ ಈ ನಕ್ಷತ್ರಗಳ ಸುತ್ತ ನೀಲಿ ಹೊಗೆ ಕಾಣುತ್ತದಲ್ಲ, ಅದು ನಿಜವಾಗಿ ಇದೆ. ಅದು ಧೂಳು. ಮಂಜು ಮುಸುಕಿದ ರಾತ್ರಿ ಬೀದಿ ದೀಪದ ಸುತ್ತ ಬೆಳಕಿನ ಬಳೆ ಮೂಡುವಂತೆ, ನಕ್ಷತ್ರದ ಬೆಳಕು ಆ ಧೂಳಿನಲ್ಲಿ ಚದುರಿ ಹೊಳೆಯುತ್ತದೆ. ಇದನ್ನು ತೆರೆದ ನಕ್ಷತ್ರಗುಚ್ಛ ಎನ್ನುತ್ತಾರೆ. ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿದ, ಇನ್ನೂ ಎಳೆಯ ವಯಸ್ಸಿನ ಸಾವಿರಕ್ಕೂ ಹೆಚ್ಚು ನಕ್ಷತ್ರಗಳು ಅದರಲ್ಲಿವೆ. ದೂರ ಸುಮಾರು 440 ಜ್ಯೋತಿರ್ವರ್ಷ. ಎಂದರೆ ಈ ರಾತ್ರಿ ನಮ್ಮ ಕಣ್ಣಿಗೆ ಬೀಳುವ ಬೆಳಕು, ಪೋಪ್ 13ನೇ ಗ್ರೆಗೋರಿಯವರು 1582ರಲ್ಲಿ ಕ್ಯಾಲೆಂಡರ್ ತಿದ್ದಿದ ಕಾಲದ ಆಸುಪಾಸಿನಲ್ಲಿ ಅಲ್ಲಿಂದ ಹೊರಟದ್ದು. ಆಗ ಗೆಲಿಲಿಯೋ ಇನ್ನೂ ದೂರದರ್ಶಕ ಕೈಗೆತ್ತಿಕೊಂಡಿರಲಿಲ್ಲ.

ಎರಡನೆಯದು ಒಮೆಗಾ ಸೆಂಟಾರಿ. ಸಕ್ಕರೆ ಚೆಲ್ಲಿದಂತೆ ಮಧ್ಯದಲ್ಲಿ ಒತ್ತೊತ್ತಾಗಿ, ಅಂಚಿಗೆ ಬಂದಂತೆ ವಿರಳವಾಗಿ ನಕ್ಷತ್ರಗಳು ತುಂಬಿದ ಚೆಂಡು. ಇದು ಗೋಳಗುಚ್ಛ. ಸುಮಾರು ಒಂದು ಕೋಟಿ ನಕ್ಷತ್ರಗಳು, ದೂರ ಸುಮಾರು 17 ಸಾವಿರ ಜ್ಯೋತಿರ್ವರ್ಷ. ಇವು ಬಹಳ ಹಳೆಯ ನಕ್ಷತ್ರಗಳು. ದೆಹಲಿಯವರಿಗೆ ಇದು ದಿಗಂತಕ್ಕೆ ತೀರ ಹತ್ತಿರ, ಧೂಳಿನೊಳಗೆ ಮುಳುಗಿರುತ್ತದೆ. ನಮ್ಮ ನೀಲಗಿರಿ ಸಮಭಾಜಕಕ್ಕೆ ಹತ್ತಿರವಿರುವುದರಿಂದ ಮೇ ತಿಂಗಳ ತಿಳಿ ರಾತ್ರಿ ದಕ್ಷಿಣದಲ್ಲಿ ಬೈನಾಕ್ಯುಲರ್ ಹಿಡಿದರೆ ಮಬ್ಬು ಹತ್ತಿಯುಂಡೆಯಂತೆ ಸಿಗುತ್ತದೆ.

ಮೂರನೆಯದು ರಾಬರ್ಟ್ಸ್ ಫೋಟೋ ತೆಗೆದ ಅದೇ ಆಂಡ್ರೊಮಿಡಾ. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದಿಂದ ಇದರ ಫೋಟೋ ತೆಗೆದು, ಹಳೆಯ ತಟ್ಟೆಗಳೊಂದಿಗೆ ಹೋಲಿಸಿದರು. ಒಂದು ಚುಕ್ಕಿ ಹಿಗ್ಗಿ ಕುಗ್ಗಿ ಬೆಳಗುತ್ತಿತ್ತು. ಅಂಥ ನಕ್ಷತ್ರದ ಏರಿಳಿತದ ಅವಧಿಯಿಂದ ಅದರ ನಿಜವಾದ ಪ್ರಕಾಶ ತಿಳಿಯುತ್ತದೆ, ಅದರಿಂದ ದೂರ ತಿಳಿಯುತ್ತದೆ. ಲೆಕ್ಕ ಹಾಕಿದರೆ ಅದು ನಮ್ಮ ಕ್ಷೀರಪಥದ ಹೊರಗಿತ್ತು. ಆಂಡ್ರೊಮಿಡಾ ನಮ್ಮೊಳಗಿನ ಮೋಡವಲ್ಲ, ಬೇರೆಯೇ ಒಂದು ಗ್ಯಾಲಕ್ಸಿ ಎಂದು ಹೀಗೆ ಗೊತ್ತಾಯಿತು. ಇಂದಿನ ಲೆಕ್ಕದಂತೆ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ನವೆಂಬರ್, ಡಿಸೆಂಬರಿನಲ್ಲಿ ಕತ್ತಲೆಯ ಜಾಗದಿಂದ ಬರಿಗಣ್ಣಿಗೂ ಮಬ್ಬಾಗಿ ಕಾಣುತ್ತದೆ. ಫೋಟೋದಲ್ಲಿರುವಷ್ಟು ಬಣ್ಣ, ಸುರುಳಿ ಕಾಣಲಿಲ್ಲವೆಂದು ನಿರಾಶರಾಗಬೇಡಿ. ಬಿಂದಿಗೆಯ ಮಾತು ನೆನಪಿರಲಿ.

ಬಣ್ಣ ಸುಳ್ಳೇ?

ಹೆಚ್ಚಿನವರು ಕೇಳುವ ಪ್ರಶ್ನೆ ಇದು. ದೊಡ್ಡ ದೂರದರ್ಶಕಗಳ ಕ್ಯಾಮೆರಾ ಕಪ್ಪುಬಿಳುಪು ಚಿತ್ರವನ್ನೇ ತೆಗೆಯುತ್ತದೆ. ಕೆಂಪು, ಹಸಿರು, ನೀಲಿ ಗಾಜುಗಳನ್ನು ಒಂದೊಂದಾಗಿ ಅಡ್ಡ ಇಟ್ಟು ಬೇರೆ ಬೇರೆ ಚಿತ್ರ ತೆಗೆದು, ಆಮೇಲೆ ಕೂಡಿಸುತ್ತಾರೆ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ವಿಜ್ಞಾನಿಗಳು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆ. ಅವರ ಪರದೆಗೆ ಮೊದಲು ಬರುವುದೂ ಬಣ್ಣವಿಲ್ಲದ ಚಿತ್ರವೇ.

2021ರ ಕ್ರಿಸ್ಮಸ್ ದಿನ ಹಾರಿದ ಜೇಮ್ಸ್ ವೆಬ್ ದೂರದರ್ಶಕ ನೋಡುವುದು ಅವಕೆಂಪು ಬೆಳಕನ್ನು. ಅದು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಹಾಗಾಗಿ ಉದ್ದ ಅಲೆಗೆ ಕೆಂಪು, ಗಿಡ್ಡ ಅಲೆಗೆ ನೀಲಿ ಎಂದು ಕ್ರಮವಾಗಿ ಬಣ್ಣ ಕೊಡುತ್ತಾರೆ. ಗಂಡಸರ ದನಿಗೆ ಬರೆದ ಗೀತೆಯನ್ನು ಮಕ್ಕಳು ಹಾಡಲು ಶ್ರುತಿ ಏರಿಸುವಂತೆ ಇದು. ಶ್ರುತಿ ಬದಲಾದರೂ ರಾಗ ಅದೇ. ಏನು ಮಾಡಿದ್ದೇವೆ ಎಂದು ಅವರು ಫೋಟೋದ ಜೊತೆಗೇ ಬರೆದಿರುತ್ತಾರೆ. ಆ ಕಾರಣದಿಂದ ಅದು ಸುಳ್ಳಲ್ಲ.

ಇನ್ನೊಂದು ಗುರುತು ಹೇಳುತ್ತೇವೆ. ಹಬಲ್ ದೂರದರ್ಶಕದ ಫೋಟೋದಲ್ಲಿ ಹೊಳೆಯುವ ನಕ್ಷತ್ರಕ್ಕೆ ಶಿಲುಬೆಯಂತೆ ನಾಲ್ಕು ಕಿರಣಗಳಿರುತ್ತವೆ. ವೆಬ್ ಫೋಟೋದಲ್ಲಿ ಆರು ದೊಡ್ಡ, ಎರಡು ಚಿಕ್ಕ ಕಿರಣಗಳು. ಕನ್ನಡಿಯ ಅಂಚಿನಿಂದ, ಮುಂದಿನ ಕಂಬಿಗಳಿಂದ ಬೆಳಕು ಚೆದುರುವುದೇ ಇದಕ್ಕೆ ಕಾರಣ. ಆಕಾಶದಲ್ಲಿ ಶಿಲುಬೆ ಮೂಡಿದೆ ಎಂದು ಯಾರಾದರೂ ಕಳಿಸಿದರೆ ಮೊದಲು ಇದನ್ನು ನೆನೆಯಿರಿ.

ನಮ್ಮ ದಾರಿಯ ದೂರದರ್ಶಕ

ಎಮರಾಲ್ಡಿನಿಂದ ಇತ್ತಲಾರ್ ಮೇಲೆ ಊಟಿಗೆ ಹೋಗುವಾಗ ಮುತ್ತೊರೈ ಪಾಲಡಾ ದಾಟುತ್ತೇವೆ. ಎರಡೂ ಕಡೆ ಕ್ಯಾರೆಟ್, ಆಲೂಗಡ್ಡೆ ಹೊಲಗಳು. ಅಲ್ಲಿನ ಒಂದು ಗುಡ್ಡದ ಇಳಿಜಾರಿನಲ್ಲಿ ಕಬ್ಬಿಣದ ದೊಡ್ಡ ಕಮಾನುಗಳ ಸಾಲು ಇದೆ. ಚಿಕ್ಕವರಿದ್ದಾಗ ನಮ್ಮಲ್ಲಿ ಕೆಲವರು ಅದನ್ನು ಕರೆಂಟಿನ ಕಂಬಗಳು ಎಂದುಕೊಂಡಿದ್ದೆವು. ಅದು ಊಟಿ ರೇಡಿಯೋ ದೂರದರ್ಶಕ.

ಪ್ರೊಫೆಸರ್ ಗೋವಿಂದ ಸ್ವರೂಪ್ ಮತ್ತು ಇನ್ನೂ ಮೂವರು ವಿಜ್ಞಾನಿಗಳು ವಿದೇಶದಲ್ಲಿದ್ದಾಗ, ಭಾರತಕ್ಕೆ ಮರಳಿ ರೇಡಿಯೋ ಖಗೋಳ ವಿಜ್ಞಾನ ಶುರು ಮಾಡಬೇಕೆಂದು 1961ರಲ್ಲಿ ಪತ್ರ ಬರೆದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೋಮಿ ಭಾಭಾ ಒಪ್ಪಿಕೊಂಡರು. ಸ್ವರೂಪ್ 1963ರಲ್ಲಿ ಸಂಸ್ಥೆ ಸೇರಿದರು.

ಅವರ ಯೋಚನೆ ಸರಳವಾಗಿತ್ತು. ಭೂಮಿ ತನ್ನ ಅಕ್ಷದ ಸುತ್ತ ತಿರುಗುವುದರಿಂದ ಆಕಾಶದ ವಸ್ತುಗಳು ಪೂರ್ವದಿಂದ ಪಶ್ಚಿಮಕ್ಕೆ ಸರಿಯುತ್ತವೆ. ದೂರದರ್ಶಕದ ಉದ್ದನೆಯ ಅಕ್ಷವೂ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದ್ದರೆ, ಒಂದೇ ಕಡೆ ಮೆಲ್ಲಗೆ ತಿರುಗಿಸುತ್ತ ಗಂಟೆಗಟ್ಟಲೆ ಒಂದೇ ವಸ್ತುವನ್ನು ಹಿಂಬಾಲಿಸಬಹುದು. ಸಮಭಾಜಕದ ಮೇಲಾದರೆ ಸಮನೆಲವೇ ಸಾಕು. ನಮ್ಮಲ್ಲಿ ಹಾಗಲ್ಲ, ಉತ್ತರ ದಕ್ಷಿಣವಾಗಿ, ಊರಿನ ಅಕ್ಷಾಂಶದಷ್ಟೇ ಓರೆಯಾದ ಗುಡ್ಡ ಬೇಕು. ಹುಡುಕಿ ಹುಡುಕಿ ಅವರು ಮುತ್ತೊರೈಗೆ ಬಂದರು. ಊರಿನ ಅಕ್ಷಾಂಶ ಸುಮಾರು 11 ಡಿಗ್ರಿ. ಗುಡ್ಡದ ಓರೆಯೂ ಸುಮಾರು 11 ಡಿಗ್ರಿ. ನಮ್ಮ ಹಿರಿಯರು ಕೃಷಿಗೆ ಕಷ್ಟವೆಂದು ಬೈದುಕೊಳ್ಳುವ ಇಳಿಜಾರು ವಿಜ್ಞಾನಿಗಳಿಗೆ ವರವಾಯಿತು.

530 ಮೀಟರ್ ಉದ್ದ, 30 ಮೀಟರ್ ಅಗಲ. 24 ಕಮಾನುಗಳ ಮೇಲೆ ಉದ್ದಕ್ಕೂ ಎಳೆದ 1100 ತೆಳು ಸ್ಟೀಲ್ ತಂತಿಗಳೇ ಇದರ ಕನ್ನಡಿ. ಸುಮಾರು 92 ಸೆಂಟಿಮೀಟರ್ ಉದ್ದದ ರೇಡಿಯೋ ಅಲೆಗೆ ತಂತಿಗಳ ನಡುವಿನ ಸಂದು ಲೆಕ್ಕಕ್ಕೇ ಇಲ್ಲ, ಅದು ಗಟ್ಟಿ ಗೋಡೆಗೆ ತಾಗಿದಂತೆ ಮರಳುತ್ತದೆ. ಹೆಚ್ಚು ಕಡಿಮೆ ಎಲ್ಲವನ್ನೂ ಭಾರತದಲ್ಲೇ ತಯಾರಿಸಿ 1970ರಲ್ಲಿ ಕೆಲಸ ಶುರು ಮಾಡಿದರು. ಭಾಭಾ ಅದನ್ನು ನೋಡಲಿಲ್ಲ, 1966ರ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು.

ಇದರಿಂದ ಬರುವುದು ಬಣ್ಣದ ಫೋಟೋ ಅಲ್ಲ, ಏರಿಳಿಯುವ ಒಂದು ಗೆರೆ. ಚಂದ್ರ ಆಕಾಶದಲ್ಲಿ ಸರಿಯುವಾಗ ದೂರದ ಗ್ಯಾಲಕ್ಸಿಯನ್ನು ಮರೆಮಾಡುತ್ತಾನೆ. ಆ ಕ್ಷಣ ರೇಡಿಯೋ ಸದ್ದು ನಿಲ್ಲುತ್ತದೆ. ಥಟ್ಟನೆ ನಿಂತರೆ ಆ ವಸ್ತು ಚಿಕ್ಕದು, ಮೆಲ್ಲನೆ ನಿಂತರೆ ಅಗಲವಾದದ್ದು. ಚಂದ್ರನ ಅಂಚು ಎಲ್ಲಿದೆ ಎಂಬುದು ಖಚಿತವಾಗಿ ಗೊತ್ತಿರುವುದರಿಂದ ವಸ್ತುವಿನ ಜಾಗವೂ ಸಿಗುತ್ತದೆ. ಮೋಡವಿದ್ದರೂ, ಹಗಲಾದರೂ ಪರವಾಗಿಲ್ಲ. ನಮ್ಮ ಮಳೆಗಾಲದಲ್ಲೂ ನಡೆಯುವ ಕೆಲಸ ಇದು. ಹೀಗೆ ಸಾವಿರಕ್ಕೂ ಹೆಚ್ಚು ರೇಡಿಯೋ ಮೂಲಗಳನ್ನು ಮುತ್ತೊರೈಯಲ್ಲಿ ಅಳೆದರು. ಇಂದಿಗೂ ಇಲ್ಲಿ ಪಲ್ಸಾರ್‌ಗಳ ಬಗ್ಗೆ, ಸೂರ್ಯನಿಂದ ಬೀಸುವ ಗಾಳಿಯ ಬಗ್ಗೆ ಅಧ್ಯಯನ ನಡೆಯುತ್ತಿದೆ.

ಒಬ್ಬ ಗುರುವಿನ ಎಚ್ಚರಿಕೆ

ಆ ಅಳತೆಗಳು ಒಂದು ದೊಡ್ಡ ಚರ್ಚೆಗೆ ನೆರವಾದವು. ವಿಶ್ವ ಯಾವಾಗಲೂ ಹೀಗೇ ಇತ್ತೇ, ಅಥವಾ ಒಂದು ಆರಂಭದಿಂದ ಬದಲಾಗುತ್ತ ಬಂದಿದೆಯೇ? 1975ರಲ್ಲಿ ಸ್ವರೂಪ್ ಮತ್ತು ವಿಜಯ್ ಕಪಾಹಿ ಮುತ್ತೊರೈಯ ಅಳತೆಗಳಿಂದ, ದೂರದ ಅಂದರೆ ಹಿಂದಿನ ಕಾಲದ ವಿಶ್ವ ಇಂದಿನಂತೆ ಇರಲಿಲ್ಲ ಎಂದು ತೋರಿಸಿದರು. 1965ರಲ್ಲಿ ಎಲ್ಲ ದಿಕ್ಕಿನಿಂದಲೂ ಬರುವ ಹಿನ್ನೆಲೆ ವಿಕಿರಣ ಪತ್ತೆಯಾದಾಗಿನಿಂದ ಮಹಾಸ್ಫೋಟದ ಸಿದ್ಧಾಂತ ಬಲಗೊಂಡಿತ್ತು. ನಮ್ಮ ಗುಡ್ಡದಿಂದ ಅದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಆ ಸಿದ್ಧಾಂತಕ್ಕೆ ಅಡಿಪಾಯ ಹಾಕಿದವರು ಬೆಲ್ಜಿಯಂ ದೇಶದ ಗುರು ಜಾರ್ಜ್ ಲೆಮೈತ್ರ್. 1923ರಲ್ಲಿ ಗುರುದೀಕ್ಷೆ ಪಡೆದವರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದರು, 1931ರಲ್ಲಿ ಎಲ್ಲವೂ ಒಂದು ಆದಿಕಣದಿಂದ ಬಂದಿರಬೇಕು ಎಂದರು. 1951ರಲ್ಲಿ ಪೋಪ್ 12ನೇ ಪಿಯೂಸರು ತಮ್ಮ ಭಾಷಣದಲ್ಲಿ ಈ ವಿಜ್ಞಾನವನ್ನು ಸೃಷ್ಟಿಯ ವಿಶ್ವಾಸದೊಂದಿಗೆ ಜೋಡಿಸಿದಾಗ, ಹಿಗ್ಗಬೇಕಾಗಿದ್ದ ಲೆಮೈತ್ರ್ ಕಳವಳಗೊಂಡರು. ತಮ್ಮ ಸಿದ್ಧಾಂತವನ್ನು ಧರ್ಮದ ಪುರಾವೆಯಾಗಿ ಬಳಸಬಾರದು, ವಿಜ್ಞಾನ ನಾಳೆ ತಿದ್ದಿಕೊಳ್ಳಬಹುದು, ವಿಶ್ವಾಸ ಅದರ ಮೇಲೆ ನಿಂತಿಲ್ಲ ಎಂಬುದು ಅವರ ನಿಲುವಾಗಿತ್ತು. 1966ರಲ್ಲಿ ಸಾಯುವ ಸ್ವಲ್ಪ ಮೊದಲು ಹಿನ್ನೆಲೆ ವಿಕಿರಣ ಸಿಕ್ಕಿದ ಸುದ್ದಿ ಅವರಿಗೆ ತಲುಪಿತು.

ಇದನ್ನು ಓದಿದಾಗ ನಮಗೆ ನಮ್ಮ ವಾಟ್ಸಾಪ್ ಫೋಟೋ ನೆನಪಾಯಿತು. ಸ್ವತಃ ಲೆಕ್ಕ ಹಾಕಿದ ಗುರುವೇ ನಿಜವಾದ ವಿಜ್ಞಾನವನ್ನು ವಿಶ್ವಾಸಕ್ಕೆ ಊರುಗೋಲು ಮಾಡಲು ಒಪ್ಪಲಿಲ್ಲ. ನಾವು ಸುಳ್ಳು ಫೋಟೋವನ್ನು ಊರುಗೋಲು ಮಾಡಲು ಹೊರಟಿದ್ದೆವು. ಸ್ವರ್ಗದ ಪಟ್ಟಣ ಕಂಡಿತೆಂಬ ಕಥೆ 1994ರಲ್ಲಿ ಅಮೆರಿಕದ ಒಂದು ವಾರಪತ್ರಿಕೆ ಕಟ್ಟಿದ ಸುದ್ದಿ. ಹಬಲ್ ದೂರದರ್ಶಕ ಅಂಥ ಚಿತ್ರ ತೆಗೆದೇ ಇಲ್ಲ. ಸುಳ್ಳು ಸಾಕ್ಷಿ ದೇವರ ಪರವಾಗಿ ಹೇಳಿದರೂ ಸುಳ್ಳು ಸಾಕ್ಷಿಯೇ.

ಹಬಲ್ ನಿಜವಾಗಿ ತೆಗೆದದ್ದನ್ನೂ ಹೇಳಬೇಕು. 1995ರ ಡಿಸೆಂಬರ್ 18ರಿಂದ 28ರವರೆಗೆ, ಕ್ರಿಸ್ಮಸ್ ಹಬ್ಬದ ದಿನವೂ ಸೇರಿ, ಅದು ಸಪ್ತರ್ಷಿ ಮಂಡಲದ ಬಳಿ ಏನೂ ಇಲ್ಲದಂತೆ ಕಂಡ ಒಂದು ಚಿಕ್ಕ ಜಾಗವನ್ನೇ ನೋಡುತ್ತಿತ್ತು. ನೂರು ಮೀಟರ್ ದೂರದಲ್ಲಿಟ್ಟ ಟೆನ್ನಿಸ್ ಚೆಂಡಿನಷ್ಟು ಜಾಗ. 342 ಚಿತ್ರಗಳನ್ನು ಕೂಡಿಸಿದಾಗ ಅಲ್ಲಿ ಸುಮಾರು 3000 ಗ್ಯಾಲಕ್ಸಿಗಳು ಕಂಡವು.

ಆ ಫೋಟೋವನ್ನು ಒಬ್ಬರು ಊಟಿಯಲ್ಲಿ ಪ್ರಿಂಟ್ ಹಾಕಿಸಿ ತಂದರು. ಜನವರಿಯ ಒಂದು ಸಂಜೆ ಅಜ್ಜಿಯ ಮನೆಗೆ ಹೋಗಿ, ಮೊದಲು ಕಳಿಸಿದ್ದು ಸುಳ್ಳು, ತಪ್ಪಾಯಿತು ಎಂದು ಹೇಳಿದೆವು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನನಗೂ ಹಾಗೇ ಅನ್ನಿಸಿತ್ತು ಕಣ್ರಪ್ಪಾ. ಅವರು ಅಷ್ಟು ದೊಡ್ಡ ಪಟ್ಟಣದಲ್ಲಿ ಇರೋ ಜನ ಅಲ್ಲ” ಎಂದರು. ಪ್ರಿಂಟನ್ನು ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು. ಆಮೇಲೆ ಶಾಲು ಹೊದ್ದು ಅಂಗಳಕ್ಕೆ ಕರೆದುಕೊಂಡು ಹೋಗಿ, ಇಬ್ಬನಿ ಬೀಳುವ ಚಳಿಯಲ್ಲಿ ಕೃತ್ತಿಕೆಯನ್ನು ಬೆರಳಿನಿಂದ ತೋರಿಸಿದರು. ಅವರು ಏಳು ಎಣಿಸಿದರು. ನಮ್ಮಲ್ಲಿ ಯಾರಿಗೂ ಆರಕ್ಕಿಂತ ಹೆಚ್ಚು ಸಿಗಲಿಲ್ಲ.

ಮುಂದಿನ ಅಮಾವಾಸ್ಯೆಯ ಹತ್ತಿರದ ಶನಿವಾರ, ಮೋಡವಿಲ್ಲದಿದ್ದರೆ, ಜಪಸರದ ಪ್ರಾರ್ಥನೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಸೇರೋಣ. ಬೈನಾಕ್ಯುಲರ್ ಇದ್ದವರು ತನ್ನಿ, ಸ್ವೆಟರ್ ಮರೆಯಬೇಡಿ. ಫೋನುಗಳನ್ನು ಜೇಬಿನಲ್ಲೇ ಇಟ್ಟುಕೊಳ್ಳೋಣ, ಕತ್ತಲೆಗೆ ಕಣ್ಣು ಒಗ್ಗಲು ಇಪ್ಪತ್ತು ನಿಮಿಷವಾದರೂ ಬೇಕು. ಅಜ್ಜಿಯೂ ಬರುತ್ತೇನೆ ಎಂದಿದ್ದಾರೆ.